ಮನೆಯ ವೈಫೈ: ದೋಷ ಲೈನಿನಲ್ಲೋ, ಗಾಳಿಯಲ್ಲೋ

‘ವೈಫೈ ಬರ್ತಿಲ್ಲ’ ಎಂಬ ಒಂದೇ ದೂರಿನೊಳಗೆ ಎರಡು ಬೇರೆ ದೋಷಗಳು ಅಡಗಿರಬಹುದು. ಒಂದು, ಹೊರಗಿನಿಂದ ರೂಟರ್‌ವರೆಗೆ ಬರುವ ಫೈಬರ್ ಲೈನಿನದು. ಇನ್ನೊಂದು, ರೂಟರ್‌ನಿಂದ ಫೋನಿಗೆ ಹೋಗುವ ರೇಡಿಯೋ ಅಲೆಯದು. ಬಳಸುವವರಿಗೆ ಎರಡೂ ಒಂದೇ ಥರ ಕಾಣುತ್ತವೆ: ವಿಡಿಯೋ ಸುತ್ತುತ್ತ ನಿಲ್ಲುತ್ತದೆ, ಕರೆಯಲ್ಲಿ ದನಿ ತುಂಡುತುಂಡಾಗುತ್ತದೆ. ಇವೆರಡನ್ನು ಬೇರ್ಪಡಿಸದೆ ಹೊಸ ರೂಟರ್ ಕೊಳ್ಳುವುದು, ದೊಡ್ಡ ಪ್ಲಾನ್ ಹಾಕಿಸುವುದು ದುಡ್ಡು ದಂಡ.

ಈ ಬರಹಕ್ಕೆ ಆಧಾರವಾದ ಅನುಭವ ಸಾಗರದ ಕಡೆಯ ಒಂದು ಹಳೇ ಮನೆಯದು. ಗೋಡೆಗಳು ಜಂಬಿಟ್ಟಿಗೆಯವು. ಫೈಬರ್ ಅಡಕೆ ತೋಟದ ಅಂಚಿನ ಕಂಬಗಳ ಮೇಲೆ ಬಂದು ಜಗಲಿಯ ಕಿಟಕಿಯಲ್ಲಿ ಒಳಹೊಗುತ್ತದೆ. ರೂಟರ್ ಕೂತದ್ದೂ ಅಲ್ಲೇ. ಕಂಪ್ಯೂಟರ್ ಕೆಲಸ ನಡೆಯುವುದು ಮಾತ್ರ ಹಿಂದಿನ ಕೋಣೆಯಲ್ಲಿ. ಆ ಮನೆಯಲ್ಲಿ ಎರಡೂ ಬಗೆಯ ದೋಷಗಳಿದ್ದವು. ಒಂದನ್ನು ಸರಿಪಡಿಸಿದರೂ ಇನ್ನೊಂದು ಉಳಿಯುತ್ತಿದ್ದುದರಿಂದ, ಮಾಡಿದ ರಿಪೇರಿಯೆಲ್ಲ ವ್ಯರ್ಥವೆಂಬಂತೆ ತೋರುತ್ತಿತ್ತು.

ಬೇರ್ಪಡಿಸಲು ಬೇಕಾದದ್ದು ಒಂದು ಲ್ಯಾಪ್‌ಟಾಪ್, ಒಂದು ಲ್ಯಾನ್ ಕೇಬಲ್ ಮತ್ತು ಉತ್ತರ ಬರುವ ಹೊತ್ತನ್ನು ಅಳೆಯುವ ಪಿಂಗ್ ಎಂಬ ಆಜ್ಞೆ. ಪರದೆಯ ಮೇಲೆ ಎರಡು ಕಮಾಂಡ್ ಕಿಟಕಿ ತೆರೆದು, ಒಂದರಲ್ಲಿ ರೂಟರ್‌ನ ವಿಳಾಸಕ್ಕೆ (ಬಹಳ ಕಡೆ ಅದು 192.168.1.1), ಇನ್ನೊಂದರಲ್ಲಿ 8.8.8.8 ಎಂಬ ಹೊರಗಿನ ವಿಳಾಸಕ್ಕೆ ಪಿಂಗ್ ಬಿಟ್ಟು ಅಕ್ಕಪಕ್ಕ ನೋಡುತ್ತಿರಬೇಕು. ಕೇಬಲ್ ಹಾಕಿದಾಗ ರೂಟರ್ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಉತ್ತರಿಸುತ್ತದೆ. ಅದು ಸರಿಯಿದ್ದು ಹೊರಗಿನದು ಮಾತ್ರ ತಪ್ಪಿದರೆ ದೋಷ ಲೈನಿನದು. ಕೇಬಲ್ ತೆಗೆದು ವೈಫೈಗೆ ಬಂದ ಕೂಡಲೇ ರೂಟರ್‌ನ ಉತ್ತರವೇ ನೂರಾರು ಮಿಲಿಸೆಕೆಂಡಿಗೆ ಏರಿದರೆ ದೋಷ ಮನೆಯೊಳಗಿನ ಗಾಳಿಯದು. ಸ್ಪೀಡ್ ಟೆಸ್ಟ್ ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಅದು ಎರಡನ್ನೂ ಕೂಡಿಸಿ ಒಂದು ಅಂಕಿ ಕೊಟ್ಟುಬಿಡುತ್ತದೆ.

ಲೈನಿನ ಕಡೆ ಮೊದಲು ನೋಡಬೇಕಾದದ್ದು ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿರುವ ಎರಡು ಸಂಗತಿಗಳನ್ನು. ಒಂದು ಅಪ್‌ಟೈಮ್, ಅಂದರೆ ರೂಟರ್ ಆರದೆ ಓಡುತ್ತಿರುವ ಹೊತ್ತು. ಸಂಪರ್ಕ ತಪ್ಪಿದಾಗಲೆಲ್ಲ ಅದು ಸೊನ್ನೆಯಿಂದ ಶುರುವಾಗುತ್ತಿದ್ದರೆ ಲೈನ್ ಹೋಗುತ್ತಿಲ್ಲ, ರೂಟರೇ ಆರಿ ಹತ್ತುತ್ತಿದೆ. ಸೋತ ಅಡಾಪ್ಟರ್ ಅಥವಾ ಕುಸಿಯುವ ವೋಲ್ಟೇಜ್ ಇದಕ್ಕೆ ಸಾಮಾನ್ಯ ಕಾರಣ. ಅಡಾಪ್ಟರ್ ಬದಲಿಸಿದರೆ, ಇಲ್ಲವೇ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕಿದರೆ ಸಾಕು. ಇನ್ನೊಂದು, ಬಂದು ಮುಟ್ಟುವ ಬೆಳಕಿನ ಬಲ. ಮನೆಮನೆಗೆ ಬರುವ ಸಾಮಾನ್ಯ ಫೈಬರ್‌ನಲ್ಲಿ ಇದು ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗಿರಬೇಕು. ಮೈನಸ್ 26ರಲ್ಲಿ ಓಡುತ್ತಿರುವ ಲೈನಿಗೆ ಎಲ್‌ಒಎಸ್ ಎಂಬ ಕೆಂಪು ದೀಪ ಹತ್ತದು, ನೋಡಲು ಬಂದವರಿಗೆ ಎಲ್ಲ ಸರಿಯೆಂದೇ ಕಾಣುತ್ತದೆ. ಆದರೆ ಗಾಳಿಗೆ ಕೊಂಬೆ ತಾಗಿ ಕೇಬಲ್ ತುಸು ಬಾಗಿದರೂ ಸಂಪರ್ಕ ಕಡಿದುಹೋಗುತ್ತದೆ. ಸಾಗರದ ಆ ಮನೆಯಲ್ಲಿ ಲೈನ್ ತಪ್ಪುತ್ತಿದ್ದುದು ಹೀಗೆಯೇ. ಗಾಳಿ ಬೀಸಿದ ಹೊತ್ತು ಮತ್ತು ಆಗಿನ ಅಂಕಿಯನ್ನು ಬರೆದಿಟ್ಟು ತೋರಿಸಿದ ಮೇಲೆ ಕೇಬಲ್ಲಿನ ಬಾಗನ್ನು ಹುಡುಕಿ ಹೊಸ ಜೋಡಣೆ ಮಾಡಲಾಯಿತು. ದೂರಿನಲ್ಲಿ ‘ನೆಟ್ ಸ್ಲೋ’ ಎಂಬುದಕ್ಕಿಂತ ಇಂಥ ಅಂಕಿಗಳು ಬಹಳ ಬೇಗ ಕೆಲಸ ಮಾಡಿಸುತ್ತವೆ.

ಗಾಳಿಯ ಕಡೆ, ಅಂದರೆ ವೈಫೈ ಅಲೆಯಲ್ಲಿ, ಊರಿಗೂ ನಗರಕ್ಕೂ ವ್ಯತ್ಯಾಸವಿದೆ. 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಒಂದೊಂದು ಸಿಗ್ನಲ್ಲಿನ ಅಗಲ 20. ಹಾಗಾಗಿ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಬಳಸುವವು 1, 6, 11. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನೆರೆಯವರ ರೂಟರ್‌ಗಳೆಲ್ಲ ಈ ಮೂರರಲ್ಲೇ ಕಿಕ್ಕಿರಿದಿರುತ್ತವೆ. ಅಲ್ಲಿ 5 ಗಿಗಾಹರ್ಟ್ಸ್‌ಗೆ ಹೋಗುವುದೇ ದಾರಿ. ತೋಟದ ಮನೆಗೆ ನೆರೆಯ ಕಾಟವಿಲ್ಲ. ಅಲ್ಲಿ ಅಡ್ಡಿ ಗೋಡೆ. ದಪ್ಪ ಜಂಬಿಟ್ಟಿಗೆ, ಅದರಲ್ಲೂ ಮಳೆಗಾಲದಲ್ಲಿ ನೀರು ಹೀರಿಕೊಂಡದ್ದು, ಅಲೆಯನ್ನು ನುಂಗುತ್ತದೆ, 5 ಗಿಗಾಹರ್ಟ್ಸ್‌ನದನ್ನಂತೂ ಇನ್ನೂ ಹೆಚ್ಚು. ಉಕ್ಕಿನ ಬೀರು, ಫ್ರಿಜ್, ದೊಡ್ಡ ಕನ್ನಡಿ ಅಲೆಯನ್ನು ತಡೆದು ಹಿಂದಕ್ಕೆ ಎಸೆಯುತ್ತವೆ. ಮೈಕ್ರೋವೇವ್ ಒಲೆ ನಡೆಯುವುದು 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಅನ್ನ ಬಿಸಿಯಾಗುವಷ್ಟು ಹೊತ್ತು ಮಾತ್ರ ಕರೆ ಹಾಳಾಗುವುದು ಅದಕ್ಕೇ.

ಉಚಿತ ವೈಫೈ ಅನಲೈಸರ್ ಆ್ಯಪ್ ಹಿಡಿದು ಕೋಣೆಯಿಂದ ಕೋಣೆಗೆ ನಡೆದರೆ ಅಲೆಯ ಬಲ ಗೊತ್ತಾಗುತ್ತದೆ. ಮೈನಸ್ 67 ಡಿಬಿಎಂವರೆಗೆ ಕರೆ, ವಿಡಿಯೋ ಸಲೀಸು. ಮೈನಸ್ 80ರ ಹತ್ತಿರ ಸಂಪರ್ಕ ಹೆಸರಿಗಷ್ಟೇ. ರೂಟರನ್ನು ಮನೆಯ ನಡುವಿಗೆ, ಎತ್ತರಕ್ಕೆ ಸರಿಸಿ ಮತ್ತೆ ಅಳೆಯಬೇಕು. ಅದೂ ಸಾಲದಾದಾಗ ಹೆಚ್ಚಿನವರು ರಿಪೀಟರ್ ತಂದು ಅಲೆ ಸೋತ ಕೋಣೆಯಲ್ಲೇ ಇಡುತ್ತಾರೆ. ಅದು ಸೋತ ಅಲೆಯನ್ನೇ ಮರುಪ್ರಸಾರ ಮಾಡುತ್ತದೆ. ಒಂದೇ ರೇಡಿಯೋದಲ್ಲಿ ಕೇಳುವುದೂ ಹೇಳುವುದೂ ಆಗಬೇಕಾದ್ದರಿಂದ ವೇಗವೂ ಅರ್ಧಕ್ಕಿಳಿಯುತ್ತದೆ.

ದಪ್ಪ ಗೋಡೆಯ ಮನೆಗೆ ಒಪ್ಪುವುದು ತಂತಿಯೇ. ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ನಿಶ್ಚಿಂತೆಯಿಂದ ಹೋಗುತ್ತದೆ. ಹಿಂದಿನ ಕೋಣೆಯಲ್ಲಿ ಅದರ ತುದಿಗೆ ಎರಡನೇ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ ಹೂಡಿ, ಮೊದಲಿನ ಹೆಸರು, ಪಾಸ್‌ವರ್ಡ್‌ಗಳನ್ನೇ ಕೊಟ್ಟು, ಚಾನೆಲ್ ಮಾತ್ರ ಬೇರೆ ಇಡಬೇಕು. ಕೆಲವು ಫೋನ್‌ಗಳು ದೂರದ ರೂಟರಿಗೇ ಅಂಟಿಕೊಂಡಿರುತ್ತವೆ. ಅದರ ಪ್ರಸಾರ ಬಲವನ್ನು ಒಂದು ಮೆಟ್ಟಿಲು ಇಳಿಸಿದರೆ ಹತ್ತಿರದ್ದಕ್ಕೆ ಬರುತ್ತವೆ. ಕೊಟ್ಟಿಗೆಗೋ ಅಡಕೆ ಸುಲಿಯುವ ಶೆಡ್ಡಿಗೋ ಎಳೆಯುವುದಾದರೆ ತಾಮ್ರದ ಕೇಬಲ್ ಬೇಡ, ಸಿಡಿಲಿನ ಹೊಡೆತ ಅದರ ಮೂಲಕ ಎರಡೂ ಕಟ್ಟಡದ ಯಂತ್ರಗಳಿಗೆ ಹರಿಯಬಹುದು. ಅಲ್ಲಿಗೆ ಲೋಹದ ಎಳೆಯಿಲ್ಲದ ಫೈಬರ್ ಎಳೆಯುವುದು ಕ್ಷೇಮ.