ಪ್ರೊಸೆಸರೋ, ಗ್ರಾಫಿಕ್ಸ್ ಕಾರ್ಡೋ?

ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿ ಚೆನಾಯ್ ಟ್ರೇಡ್ ಸೆಂಟರ್ ಎಂಬ ಕಟ್ಟಡವಿದೆ. ನಗರದ ಜನರು ಅದನ್ನು ಸಿ.ಟಿ.ಸಿ. ಎಂದೇ ಬಲ್ಲರು. ಕಂಪ್ಯೂಟರಿನ ಬಿಡಿಭಾಗಗಳಿಗೆ ಅದು ಹೆಸರಾದ ಸ್ಥಳ. ಎರಡು ವರ್ಷ ಕೂಡಿಟ್ಟ ಹಣವನ್ನು ಹಿಡಿದು ನಾವೂ ಅಲ್ಲಿಗೆ ಹೋದೆವು. ಮನೆಯ ಕಂಪ್ಯೂಟರಿನಲ್ಲಿ ಆಟವಾಡುವಾಗ ಚಿತ್ರಗಳು ತಡವರಿಸುತ್ತಿದ್ದವು. ಹಣವಿದ್ದುದು ಒಂದು ಭಾಗಕ್ಕೆ ಮಾತ್ರ. ಒಂದು ಅಂಗಡಿಯವರು ಪ್ರೊಸೆಸರನ್ನು ಬದಲಿಸಿರೆಂದರು. ಇನ್ನೊಂದು ಅಂಗಡಿಯವರು ಗ್ರಾಫಿಕ್ಸ್ ಕಾರ್ಡನ್ನು ಬದಲಿಸಿರೆಂದರು. ತಪ್ಪು ಭಾಗವನ್ನು ಕೊಂಡರೆ ಉಳಿತಾಯವೆಲ್ಲ ನೀರುಪಾಲು. ಆದುದರಿಂದ ಏನನ್ನೂ ಕೊಳ್ಳದೆ ಮರಳಿ, ವಿಷಯವನ್ನು ವಿಚಾರಿಸತೊಡಗಿದೆವು. ಆ ವಿಚಾರವನ್ನೇ ಸಹಪಾಠಿಗಳ ಮುಂದಿಡುತ್ತೇವೆ.

ಈ ಎರಡು ಭಾಗಗಳ ಕೆಲಸವೇನು? ಪರದೆಯ ಮೇಲೆ ಚಲಿಸುವಂತೆ ತೋರುವುದೆಲ್ಲ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳೇ. ಯಾರು ಎಲ್ಲಿದ್ದಾರೆ, ಚೆಂಡು ಎತ್ತ ಹೋಗಬೇಕು ಎಂಬ ಲೆಕ್ಕವನ್ನು ಪ್ರೊಸೆಸರ್ ಮಾಡುತ್ತದೆ. ಆ ಲೆಕ್ಕದಂತೆ ಚಿತ್ರದ ಪ್ರತಿಯೊಂದು ಚುಕ್ಕೆಗೂ ಬಣ್ಣ ತುಂಬುವುದು ಗ್ರಾಫಿಕ್ಸ್ ಕಾರ್ಡ್. ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿ ಮಾಡುವುದನ್ನು ನೆನೆಯೋಣ. ಒಬ್ಬರು ಬಡಿಯುತ್ತಾರೆ, ಇನ್ನೊಬ್ಬರು ಹಂಚಿನ ಮೇಲೆ ಬೇಯಿಸುತ್ತಾರೆ. ಬೇಯಿಸುವುದು ನಿಧಾನವಾದರೆ, ಬಡಿಯುವವರು ಎಷ್ಟು ಚುರುಕಾದರೂ ತಟ್ಟೆಗೆ ಬೀಳುವ ರೊಟ್ಟಿ ಹೆಚ್ಚದು.

ಇದನ್ನೇ ಲೆಕ್ಕದಲ್ಲಿ ನೋಡೋಣ. ಒಂದು ಚಿತ್ರಕ್ಕೆ ಪ್ರೊಸೆಸರ್ 10 ಮಿಲಿಸೆಕೆಂಡು, ಕಾರ್ಡ್ 25 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 1000 ಮಿಲಿಸೆಕೆಂಡು. ಆದುದರಿಂದ 40 ಚಿತ್ರಗಳು ಬರುತ್ತವೆ. ಇಮ್ಮಡಿ ವೇಗದ ಪ್ರೊಸೆಸರನ್ನು ತಂದರೂ ಬರುವುದು ಅದೇ 40. ಇಮ್ಮಡಿ ವೇಗದ ಕಾರ್ಡನ್ನು ತಂದರೆ 80. ಐದು ಮಡಿ ವೇಗದ ಕಾರ್ಡನ್ನು ತಂದರೆ 200 ಬಾರದು, 100 ಮಾತ್ರ ಬರುತ್ತದೆ. ಏಕೆಂದರೆ ಆಗ ಹಿಂದುಳಿಯುವುದು ಪ್ರೊಸೆಸರ್.

ಹಾಗಾದರೆ ಹಿಂದುಳಿದಿರುವುದು ಯಾವುದೆಂದು ತಿಳಿಯುವುದು ಹೇಗೆ? ಇದಕ್ಕೆ ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಆಟದ ಸೆಟ್ಟಿಂಗಿನಲ್ಲಿ ಚಿತ್ರಗಳ ಸಂಖ್ಯೆಗೆ ಮಿತಿ ಹಾಕಿದ್ದರೆ ಮೊದಲು ಅದನ್ನು ತೆಗೆಯಬೇಕು. 1920×1080 ಅಳತೆಯಲ್ಲಿ ಸೆಕೆಂಡಿಗೆ ಎಷ್ಟು ಚಿತ್ರಗಳು ಬರುತ್ತವೆಂದು ಬರೆದುಕೊಳ್ಳಬೇಕು. ಬಳಿಕ ಆಟದ ಅದೇ ಭಾಗವನ್ನು 1280×720 ಅಳತೆಯಲ್ಲಿ ಆಡಿ ನೋಡಬೇಕು. ಮೊದಲನೆಯದರಲ್ಲಿ 20,73,600 ಚುಕ್ಕೆಗಳು, ಎರಡನೆಯದರಲ್ಲಿ 9,21,600. ಕಾರ್ಡಿನ ಹೊರೆ ಬಹಳ ಇಳಿಯಿತು, ಪ್ರೊಸೆಸರಿನ ಹೊರೆ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಚಿತ್ರಗಳ ಸಂಖ್ಯೆ ಚೆನ್ನಾಗಿ ಏರಿದರೆ ಹಿಂದುಳಿದಿರುವುದು ಕಾರ್ಡ್. ಏರದಿದ್ದರೆ ಪ್ರೊಸೆಸರ್ ಎಂದು ಬಹುಮಟ್ಟಿಗೆ ನಿರ್ಣಯಿಸಬಹುದು. ಪ್ರೊಸೆಸರಿನ ಸರಾಸರಿ ಶೇಕಡಾವನ್ನು ಮಾತ್ರ ನಂಬಬಾರದು. ಎಂಟು ಕೋರುಗಳಲ್ಲಿ ಒಂದೇ ದಣಿದು ಉಳಿದವು ಸುಮ್ಮನಿದ್ದರೆ ಸರಾಸರಿ ಕಡಿಮೆಯೇ ತೋರುತ್ತದೆ.

ಕೊಳ್ಳುವ ಮುನ್ನ ಇನ್ನೂ ಕೆಲವನ್ನು ವಿಚಾರಿಸಬೇಕು. ಹೊಸ ಪ್ರೊಸೆಸರ್ ಹಳೆಯ ಮದರ್‌ಬೋರ್ಡಿಗೆ ಹೊಂದದಿರಬಹುದು. ಎ.ಎಂ.ಡಿ. ಕಂಪನಿಯ ಎಎಂ4 ಬೋರ್ಡಿನಿಂದ ಎಎಂ5 ಬೋರ್ಡಿಗೆ ಹೋಗುವವರು ಡಿಡಿಆರ್5 ಮೆಮೊರಿಯನ್ನೂ ಕೊಳ್ಳಲೇಬೇಕು. ಖರ್ಚು ಮೂರು ಭಾಗಗಳದ್ದಾಗುತ್ತದೆ. ಹೊಸ ಕಾರ್ಡಿಗೆ ಪವರ್ ಸಪ್ಲೈ ಸಾಲುವುದೇ, ಕ್ಯಾಬಿನೆಟ್ಟಿನಲ್ಲಿ ಸ್ಥಳವಿದೆಯೇ ಎಂದು ಅಳೆಯಬೇಕು. 60 ಹರ್ಟ್ಸಿನ ಮಾನಿಟರ್ ಸೆಕೆಂಡಿಗೆ 60 ಚಿತ್ರಗಳಿಗಿಂತ ಹೆಚ್ಚು ತೋರಿಸಲಾರದು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲವೇ?

ನಮ್ಮ ಪರೀಕ್ಷೆಯಲ್ಲಿ ಅಳತೆಯನ್ನು ಇಳಿಸಿದೊಡನೆ ಚಿತ್ರಗಳ ಸಂಖ್ಯೆ ಬಹಳ ಏರಿತು. ಮೊದಲ ಅಂಗಡಿಯವರ ಮಾತು ಕೇಳಿದ್ದರೆ ನಾವು ಮೋಸಹೋಗುತ್ತಿದ್ದೆವು. ಎರಡನೆಯವರನ್ನು ನಂಬಿದ್ದರೂ ಅದು ಅದೃಷ್ಟವೇ ಹೊರತು ತಿಳಿವಳಿಕೆಯಲ್ಲ. ನಮ್ಮ ಮಾನಿಟರಿಗೆ ತಕ್ಕ ಸಾಧಾರಣ ಕಾರ್ಡೊಂದನ್ನು ಕೊಂಡೆವು. ಕೊಂಚ ಹಣವೂ ಉಳಿಯಿತು. ಭೌತಶಾಸ್ತ್ರದ ತರಗತಿಯಲ್ಲಿ ಕಲಿಯುವುದೂ ಇದೇ: ಒಂದನ್ನು ಬದಲಿಸಿ, ಉಳಿದುದನ್ನು ಹಾಗೆಯೇ ಇರಿಸಿ, ಫಲವನ್ನು ನೋಡುವುದು. ಆ ಪಾಠವು ಅಂಗಡಿಯ ಬಾಗಿಲಲ್ಲಿಯೂ ಉಪಯೋಗಕ್ಕೆ ಬರುತ್ತದೆಂಬುದನ್ನು ನಾವು ಅಂದು ಅರಿತೆವು.