ಶಾಲೆಯ ಬಾಗಿಲಲ್ಲಿ ಅರ್ಪಿತಭಾವ

ರೋಹಿಣಿ ಮಳೆ ಬಿದ್ದು ಎರೆಹೊಲದ ಬಿರುಕುಗಳು ಮುಚ್ಚಿಕೊಳ್ಳುವ ಕಾಲಕ್ಕೆ ಸರಿಯಾಗಿ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಶಾಲೆಯ ಬಾಗಿಲೂ ತೆರೆಯುವದು. ನವಲಗುಂದ, ಅಣ್ಣಿಗೇರಿಗಳ ಕಡೆ ಹೆಸರಿನ ಬಿತ್ತಿಗೆಗೆ ಕೂರಿಗೆ ಸಿದ್ಧವಾಗುವದು. ಕುಂದಗೋಳದಲ್ಲಿ ಮೆಣಸಿನಕಾಯಿ, ಹತ್ತಿಗಳ ಹೊಲ ಹದಗೊಳ್ಳುವದು. ಕಲಘಟಗಿಯ ಮಲೆಸೆರಗಿನಲ್ಲಿ ಭತ್ತ ಬೀಳುವದು. ಗಂಡಸಿನ ಕಣ್ಣು ಮೋಡದ ಮೇಲೆ, ಹೆಂಗಸಿನ ಕಣ್ಣು ಹಗೇವಿನ ತಳದ ಮೇಲೆ. ಬೀಜಕ್ಕೆ ಹಣ, ಗೊಬ್ಬರಕ್ಕೆ ಹಣ, ಅದರ ಮೇಲೆ ಪಾಟಿಚೀಲಕ್ಕೂ ಅಂಗಿಗೂ ಹಣ. ಇಂಥ ಇಕ್ಕಟ್ಟಿನ ಹೊತ್ತಿನಲ್ಲಿಯೇ ಗೃಹಸ್ಥನು ಮಗುವಿನ ಕೈ ಹಿಡಿದುಕೊಂಡು ಶಾಲೆಯ ಬಾಗಿಲಿಗೆ ಹೋಗಿ ನಿಲ್ಲಬೇಕಾಗುವದು.

ಅಲ್ಲಿ ಆತನ ಮನಸ್ಸಿನಲ್ಲಿ ಏಳುವ ಭಾವಗಳು ಒಂದೇ ಬಗೆಯವಲ್ಲ. ಮಗುವು ಸೆರಗು ಬಿಡಲೊಲ್ಲದೆ ಅತ್ತರೆ ತಾಯಿಯ ಕರುಳು ಕಿವಿಚುವದು. ಅಳದೆ ಒಳಗೆ ಓಡಿದರೂ ಆಕೆಗೆ ಸಮಾಧಾನವಿಲ್ಲ, ಇಷ್ಟು ಬೇಗ ಮರೆಯಿತೇ ಎಂದು ಇನ್ನೊಂದು ನೋವು. ತಂದೆಗೆ ಹೆಮ್ಮೆ, ಅದರ ಬೆನ್ನಿಗೇ ಅಂಜಿಕೆ. ನೆರೆಮನೆಯವನ ಮಗನಿಗಿಂತ ಹಿಂದೆ ಬಿದ್ದರೆ? ತಾನು ಓದದೆ ಉಳಿದುದಕ್ಕೆ ಮಗನಾದರೂ ಓದಿ ಆ ಸೇಡು ತೀರಿಸುವನೇ? ಇವೆಲ್ಲವನ್ನೂ ಲೋಕವು ಒಟ್ಟಾಗಿ ‘ಮಮತೆ’ ಎಂಬ ಒಂದೇ ಹೆಸರಿನಿಂದ ಕರೆಯುವದು. ಶರಣರ ವಿಚಾರದಲ್ಲಿ ಇದನ್ನು ಬಿಡಿಸಿ ನೋಡಬೇಕಾಗಿದೆ.

ಮಕ್ಕಳ ಮೇಲಿನ ಪ್ರೀತಿಯೇ ಬಂಧನವೆಂದು ಶರಣಧರ್ಮವು ಹೇಳುವದಿಲ್ಲ. ಕಲ್ಯಾಣದ ಶರಣರಲ್ಲಿ ಅನೇಕರು ಸಂಸಾರಿಗಳು. ದುಡಿದು ತಂದು, ನೀಡಿ, ಉಂಡವರು. ಅವರು ತಿದ್ದಿದ್ದು ಪ್ರೀತಿಯನ್ನಲ್ಲ, ‘ಇದು ನನ್ನದು’ ಎಂಬ ಗಂಟನ್ನು. ಆ ಗಂಟನ್ನು ಬಿಚ್ಚುವ ಬಗೆಗೆ ಅರ್ಪಣವೆಂದು ಹೆಸರು. ಕೈಗೆ ಬಂದದ್ದು ಮೊದಲು ಕೇವಲ ಪದಾರ್ಥ. ಲಿಂಗಕ್ಕೆ ಅರ್ಪಿತವಾಗಿ ತಿರುಗಿ ಬಂದ ಮೇಲೆ ಅದು ಪ್ರಸಾದ. ವಸ್ತು ಅದೇ, ಎಡೆಯೂ ಅದೇ, ಹಿಡಿದ ಕೈಯ ಭಾವ ಮಾತ್ರ ಬೇರೆ. ಪದಾರ್ಥಕ್ಕೆ ಒಡೆಯನುಂಟು, ಪ್ರಸಾದವನ್ನು ಪಡೆದವನು ಒಡೆಯನಲ್ಲ. ಹಾಗೆಂದು ಪ್ರಸಾದವನ್ನು ಯಾರೂ ಉಪೇಕ್ಷೆ ಮಾಡುವದಿಲ್ಲ. ಒಂದು ಅಗುಳು ನೆಲಕ್ಕೆ ಬಿದ್ದರೂ ಭಕ್ತನ ಮನಸ್ಸು ನೋಯುವದು.

ಈ ದೃಷ್ಟಿಯಿಂದ ಮಗುವನ್ನು ನೋಡಬೇಕು. ತಾಯಿಯ ಗರ್ಭದಲ್ಲಿರುವಾಗಲೇ, ಎಂಟನೆಯ ತಿಂಗಳಲ್ಲಿ, ಶಿಶುವಿಗೆ ಲಿಂಗಸಂಸ್ಕಾರ ಮಾಡುವ ಪದ್ಧತಿಯುಂಟು. ಹುಟ್ಟಿದ ಮೇಲೆ ಆ ಲಿಂಗವು ಕೂಸಿನ ಮೈಗೆ ಸೇರುವದು. ಹೆಣ್ಣಾಗಲಿ ಗಂಡಾಗಲಿ, ಕೂಸಿನ ಇಷ್ಟಲಿಂಗ ಕೂಸಿನದೇ. ತಂದೆಯ ಲಿಂಗವು ಮಗನಿಗೆ ಸಲ್ಲದು, ತಾಯಿಯದು ಮಗಳಿಗೆ ಸಲ್ಲದು. ಇದರ ಅರ್ಥವನ್ನು ಗೃಹಸ್ಥರು ಸಾಮಾನ್ಯವಾಗಿ ಯೋಚಿಸುವದಿಲ್ಲ. ಕಣ್ಣು ತೆರೆಯುವ ಮೊದಲೇ ಆ ಜೀವಕ್ಕೆ ಪ್ರತ್ಯೇಕವಾದ ಒಂದು ನೆಲೆ ದೊರೆಯಿತು. ಹೀಗಿರುವಾಗ ಶಾಲೆಯ ಬಾಗಿಲಲ್ಲಿ ಕೈ ಬಿಡಿಸಿಕೊಂಡು ಹೋಗುವದು ಮೊದಲನೆಯ ಅಗಲಿಕೆ ಹೇಗಾದೀತು? ಮೊದಲೇ ಆದುದು ಅಂದು ಕಣ್ಣಿಗೆ ಕಾಣಿಸಿತು, ಅಷ್ಟೆ.

ಇದು ಹೇಳುವದಕ್ಕೆ ಸುಲಭ. ಭೀಮಕವಿಯ ಬಸವಪುರಾಣದಲ್ಲಿ (1369) ಎಂಟು ವರುಷದ ಬಾಲಕನು ಉಪನಯನವನ್ನು ಒಲ್ಲೆನೆಂದು ನಿಲ್ಲುವ ಪ್ರಸಂಗವು ಬರುವದು. ತಂದೆ ಮಾದರಸನೊಡನೆ ನಡೆದ ವಾದವನ್ನು ಪುರಾಣಿಕರು ಸೊಗಸಾಗಿ ಹೇಳುತ್ತಾರೆ, ಕೇಳುವವರೂ ತಲೆದೂಗುತ್ತಾರೆ. ಆದರೆ ಮಗನು ಮನೆಯಿಂದ ಹೊರಟ ದಿನ ಮಾದಲಾಂಬಿಕೆಯು ಒಲೆಯ ಮುಂದೆ ಹೇಗೆ ಕುಳಿತಿದ್ದಳೆಂಬುದನ್ನು ಕೇಳುವವರು ಕಡಿಮೆ. ಆ ತಾಯಿಯ ದುಃಖವು ಅಜ್ಞಾನವೆಂದು ಯಾರೂ ಹೇಳಲಾರರು. ಅರ್ಪಣವೆಂದರೆ ನೋವಿಲ್ಲದೆ ಕೊಡುವದಲ್ಲ.

ಇನ್ನು ತಂದೆಯ ಅಂಜಿಕೆಯ ವಿಚಾರ. ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು ಗಂಡನಾದ ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ತಂದನು. ಬಡಮನೆಯ ಹೆಂಗಸು ಹಿಗ್ಗಬೇಕಾಗಿತ್ತು, ಲಕ್ಕಮ್ಮನು ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಈ ಕಥೆಯನ್ನು ದವಸ, ದುಡ್ಡುಗಳಿಗೆ ಹೊಂದಿಸಿ ಹೇಳುವ ರೂಢಿಯುಂಟು. ಆದರೆ ತಂದೆಯು ಮಗನಿಂದ ಬಯಸುವದರಲ್ಲಿಯೂ ಅಂದಿನ ಊಟಕ್ಕೆ ಬೇಕಾದ ಅಕ್ಕಿ ಎಷ್ಟು, ಮೇಲಿನದು ಎಷ್ಟು ಎಂದು ಕೇಳಿಕೊಳ್ಳಬಹುದಲ್ಲವೇ? ಮಗುವು ಅಕ್ಷರ ಕಲಿಯಲಿ, ಲೆಕ್ಕ ಕಲಿಯಲಿ, ಸುಳ್ಳಾಡದಿರಲಿ, ತನ್ನ ಕಾಯಕವನ್ನು ತಾನೇ ಹುಡುಕಿಕೊಳ್ಳುವಷ್ಟು ಅರಿವು ಪಡೆಯಲಿ: ಇದು ಬೇಕಾದಷ್ಟು. ನೆರೆಯವನ ಮಗನನ್ನು ಮೀರಿಸಲಿ ಎಂಬುದು ಮೇಲಿನ ಅಕ್ಕಿ. ಒಂದನೆಯ ಇಯತ್ತೆಯ ಕೂಸಿನ ಉಡಿಯಲ್ಲಿ ಆ ಭಾರವನ್ನು ತುಂಬಿ ಕಳಿಸುವ ತಂದೆಯು ಅದನ್ನೂ ಪ್ರೀತಿಯೆಂದೇ ಬಗೆದಿರುತ್ತಾನೆ.

ಪರರ ಮಕ್ಕಳ ವಿದ್ಯೆಗಾಗಿ ತನ್ನದನ್ನು ಕೊಟ್ಟ ದೃಷ್ಟಾಂತವು ನವಲಗುಂದದವರಿಗೆ ದೂರದ್ದಲ್ಲ. ನವಲಗುಂದ-ಶಿರಸಂಗಿ ದೇಸಗತಿಯ ಲಿಂಗರಾಜರು (1861-1906) 1904ರಲ್ಲಿ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರು. ತಮ್ಮ ಸಂಪತ್ತು ಸಮಾಜದ ಮಕ್ಕಳ ವಿದ್ಯೆಗೆ ಸಲ್ಲಬೇಕೆಂದು ಮೃತ್ಯುಪತ್ರವನ್ನು ಬರೆದಿಟ್ಟರು. ಯಾವ ಮಕ್ಕಳು ಬರುವರೋ, ಏನಾಗುವರೋ ಅವರು ನೋಡಲಿಲ್ಲ. ಸ್ವಂತ ಮಗನ ವಿಷಯದಲ್ಲಿಯೂ ತಂದೆಯಾದವನು ಇಷ್ಟೇ ನೋಡಬಲ್ಲನು.

ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ಊರಿನ ಶಾಲೆ ಏಳನೆಯ ಇಯತ್ತೆಗೆ ಮುಗಿಯುವಲ್ಲಿ, ಎಂಟನೆಯದಕ್ಕೆ ಪಕ್ಕದ ಊರಿಗೆ ಹೋಗಬೇಕಾಗಿ ಬಂದಾಗ, ಇಲ್ಲದ ತೊಂದರೆಗಳೆಲ್ಲ ಮನೆಗೆ ಬರುವವು. ಕಿರಿಯ ಕೂಸನ್ನು ಆಡಿಸುವವರಿಲ್ಲ, ಅಜ್ಜಿಗೆ ಕಣ್ಣು ಕಾಣದು, ದಾರಿ ಸರಿಯಿಲ್ಲ. ದಾರಿಯ ಅಂಜಿಕೆ ಸುಳ್ಳಲ್ಲ. ಹಳ್ಳ ತುಂಬಿದ ದಿನ ಅದು ನಿಜವೇ. ಆದರೆ 2023ರ ಜೂನ್ 11ರಂದು ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣವಿಲ್ಲವೆಂದಾದ ಮೇಲೆ ಒಂದು ನೆವವಾದರೂ ಹೋಯಿತು. ಅಕ್ಕನಾಗಮ್ಮ, ಅಕ್ಕಮಹಾದೇವಿ, ನೀಲಮ್ಮರ ಹೆಸರನ್ನು ನಿತ್ಯವೂ ಎತ್ತುವ ಮನೆಯಲ್ಲಿ ಮಗಳ ಪುಸ್ತಕದ ಚೀಲವನ್ನು ಗೂಟಕ್ಕೆ ತೂಗಹಾಕುವದು ಯಾವ ಆಚಾರವೆಂದು ಕೇಳಿದರೆ ಉತ್ತರ ಕಷ್ಟ.

ಜೂನಿನಲ್ಲಿ ಹೆಸರು ಹಚ್ಚಿಸಿ ಬರುವದು ಪರೀಕ್ಷೆಯೇ ಅಲ್ಲ. ಅಂದು ಎಲ್ಲರೂ ಹಣೆತುಂಬ ವಿಭೂತಿ ಹಚ್ಚಿ ಮಕ್ಕಳನ್ನು ಕರೆತರುತ್ತಾರೆ. ಶ್ರಾವಣ ಕಳೆಯುತ್ತ ಬಂದು ಹೆಸರಿನ ಕಾಯಿ ಕಪ್ಪಾಗುವದು. ಆಗ ಮಳೆ ಹಿಡಿದರೆ ಕಾಯಿ ಹೊಲದಲ್ಲಿಯೇ ಮೊಳೆಯುವದು, ಆಳು ಸಿಕ್ಕುವದಿಲ್ಲ, ಸಿಕ್ಕರೆ ಕೂಲಿ ಏರಿರುತ್ತದೆ. ಬೆಳಿಗ್ಗೆ ರೊಟ್ಟಿ ಕಟ್ಟುವ ಹೊತ್ತಿಗೆ ತಂದೆಯು ಮಗಳ ಕಡೆಗೊಮ್ಮೆ, ಹೊಲದ ಕಡೆಗೊಮ್ಮೆ ನೋಡುತ್ತಾನೆ. ಗುರುಗಳು ಹಾಜರಿ ಕೂಗುವಾಗ ನಾಲ್ಕಾರು ಹೆಸರುಗಳಿಗೆ ಉತ್ತರ ಬರುವದಿಲ್ಲ. ಹತ್ತು ವರುಷದ ಕೂಸು ದಿನವಿಡೀ ಬಾಗಿ ಬಿಡಿಸಿದ ಕಾಯಿ ಮನೆಯ ರಾಶಿಯಲ್ಲಿ ಬೊಗಸೆಗಳ ಲೆಕ್ಕದ್ದು. ಲಕ್ಕಮ್ಮನಿದ್ದರೆ ಆ ಬೊಗಸೆಗಳನ್ನು ಬೇರೆಯಾಗಿ ತೆಗೆದಿಡಿಸುತ್ತಿದ್ದಳು.