ಘಟ್ಟದ ದಾರಿಗೆ ಎಂಥ ಟೈರ್? ಎಸ್‌ಯುವಿ ಇಟ್ಟುಕೊಂಡ ಕುಟುಂಬಗಳಿಗೆ ಒಂದಿಷ್ಟು ಮಾಹಿತಿ

ಮಳೆಗಾಲ ಹತ್ತಿರವಾದಂತೆ ಮಲೆನಾಡಿನ ಟೈರ್ ಅಂಗಡಿಗಳಲ್ಲಿ ‘ಗಟ್ಟಿಮುಟ್ಟಾದ ಬಟನ್ ಟೈರ್ ತೋರಿಸಿ’ ಎನ್ನುವವರು ಹೆಚ್ಚುತ್ತಾರೆ. ತೋಟದ ದಾರಿಯಲ್ಲಿ ಒಮ್ಮೆ ಗಾಡಿ ಹೂತವರಿಗೆ ಈ ಆಸೆ ಸಹಜ. ಆದರೆ ಅದೇ ಗಾಡಿಯಲ್ಲಿ ಮಕ್ಕಳು ಶಾಲೆಗೆ ಹೋಗಬೇಕು, ವಯಸ್ಸಾದ ಅಪ್ಪ ಅಮ್ಮ ಆಸ್ಪತ್ರೆಗೆ ಹೋಗಬೇಕು, ಶಿರಾಡಿ ಘಾಟಿಯ ಮಳೆಯಲ್ಲಿ ಬ್ರೇಕ್ ಸರಿಯಾಗಿ ಹಿಡಿಯಬೇಕು. ಕುಟುಂಬದ ಗಾಡಿಗೆ ಟೈರ್ ಆರಿಸುವಾಗ ಕೆಸರಿನ ಹಿಡಿತಕ್ಕಿಂತ ಒದ್ದೆ ಡಾಂಬರಿನ ಹಿಡಿತವೇ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ನಿಮ್ಮ ದಾರಿ ನೋಡಿ

ಎಸ್‌ಯುವಿ ಟೈರುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಹೆದ್ದಾರಿಗೆಂದೇ ಮಾಡಿದ್ದು ಎಚ್‌ಟಿ. ಹೆದ್ದಾರಿಗೂ ಕಚ್ಚಾ ರಸ್ತೆಗೂ ಒಗ್ಗುವುದು ಎಟಿ, ಅಂದರೆ ಆಲ್ ಟೆರೇನ್. ಬರೀ ಕೆಸರಿಗೆಂದು ಮಾಡಿದ್ದು ಎಂಟಿ. ಕುಟುಂಬದ ಗಾಡಿಗೆ ಎಂಟಿ ಬೇಡವೇ ಬೇಡ. ಡಾಂಬರಿನ ಮೇಲೆ ಅದರ ಗದ್ದಲ ವಿಪರೀತ, ಮಳೆಯಲ್ಲಿ ಬ್ರೇಕ್ ಹಾಕಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು.

ಬೆಂಗಳೂರಿನಲ್ಲಿ ಕೆಲಸ, ವರ್ಷಕ್ಕೆರಡು ಸಲ ಮುಳ್ಳಯ್ಯನಗಿರಿ ಅನ್ನುವವರಿಗೆ ಒಳ್ಳೆಯ ಎಚ್‌ಟಿ ಧಾರಾಳ ಸಾಕು. ದಿನವೂ ಜಲ್ಲಿಕಲ್ಲಿನ ಎಸ್ಟೇಟ್ ರಸ್ತೆ, ಜಂಬಿಟ್ಟಿಗೆ ಮಣ್ಣಿನ ಏರು, ಹಳ್ಳ ದಾಟುವ ಅನಿವಾರ್ಯ ಇರುವ ಮನೆಗಳಿಗೆ ಎಟಿ ನಿಜಕ್ಕೂ ಉಪಕಾರಿ. ಕಲ್ಲಿನ ಏಟು ತಡೆಯುತ್ತದೆ, ಸಡಿಲ ಜಲ್ಲಿಯ ಮೇಲೆ ಗಾಡಿ ಜಾರಲು ಸುಲಭಕ್ಕೆ ಬಿಡುವುದಿಲ್ಲ. ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನ ಕಥೆಯೇ ಬೇರೆ. ಆ ಮಣ್ಣು ಒದ್ದೆಯಾದರೆ ಎಟಿ ಟೈರಿನ ಸಂದುಗಳಲ್ಲಿ ಮೆತ್ತಿಕೊಂಡು ನಾಲ್ಕು ಸುತ್ತಿನಲ್ಲಿ ಟೈರ್ ನುಣ್ಣಗಾಗುತ್ತದೆ. ಅಲ್ಲಿ ಹೊಲದ ದಾರಿ ಒಣಗುವವರೆಗೆ ಕಾಯುವುದೇ ಸರಿ. ಟೈರಿಗೆ ಸುರಿದ ದುಡ್ಡು ಆ ಕೆಲಸ ಮಾಡಿಕೊಡುವುದಿಲ್ಲ.

ಅಳತೆ ಬದಲಿಸುವ ಮುನ್ನ ಲೆಕ್ಕ ಹಾಕಿ

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೊಂದು ಸ್ಟಿಕ್ಕರ್ ಇರುತ್ತದೆ. ಟೈರಿನ ಅಳತೆ, ತುಂಬಬೇಕಾದ ಗಾಳಿ ಎರಡೂ ಅದರಲ್ಲಿವೆ. ಅಂಗಡಿಗೆ ಹೋಗುವ ಮುಂಚೆ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಬೊಲೆರೊ ಗಾಡಿಯನ್ನೇ ನೋಡಿ. ಅದರ ಅಳತೆ 215/75 ಆರ್ 15. ಅಂದರೆ ಅಗಲ 215 ಮಿ.ಮೀ., ಟೈರಿನ ಪಕ್ಕದ ಎತ್ತರ ಆ ಅಗಲದ ಶೇ 75, ರಿಮ್ಮಿನ ವ್ಯಾಸ 15 ಇಂಚು. ಒಟ್ಟು ವ್ಯಾಸ ಸುಮಾರು 703 ಮಿ.ಮೀ. ಇದಕ್ಕೆ ಹಲವರು ಇಷ್ಟಪಟ್ಟು ಹಾಕಿಸುವ 235/75 ಆರ್ 15 ಟೈರಿನ ವ್ಯಾಸ ಸುಮಾರು 733 ಮಿ.ಮೀ. ವ್ಯತ್ಯಾಸ ಶೇ 4ಕ್ಕಿಂತ ಹೆಚ್ಚು. ಮೊದಲು ಸ್ಪೀಡೋಮೀಟರ್ 80 ತೋರಿಸುವಾಗ ಇದ್ದ ವೇಗಕ್ಕಿಂತ ಈಗ ಗಂಟೆಗೆ 3 ಕಿ.ಮೀ.ಗೂ ಹೆಚ್ಚು ಜೋರಾಗಿ ಓಡುತ್ತಿರುತ್ತೀರಿ. ಎಳೆಯುವ ಶಕ್ತಿ ಕುಗ್ಗುತ್ತದೆ, ಬ್ರೇಕಿನ ಮೇಲೆ ಹೊರೆ ಹೆಚ್ಚುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗೆಲ್ಲಾದರೂ ಉಜ್ಜಬಹುದು. ಕಂಪನಿ ಒಪ್ಪಿದ ಅಳತೆಯಲ್ಲೇ ಎಟಿ ಸಿಗುವುದಾದರೆ ಅದನ್ನೇ ಹಾಕಿಸಿ. ಅಪಘಾತವಾದರೆ ವಿಮೆಯವರು ಕೇಳುವ ಪ್ರಶ್ನೆಗಳಿಗೂ ಆಗ ಅಂಜಬೇಕಿಲ್ಲ.

‘ಹೆವಿ ಡ್ಯೂಟಿ’ ಎಲ್ಲರಿಗೂ ಬೇಕೆ?

ಅಳತೆಯ ನಂತರ 104ಟಿ, 112ಎಸ್ ಎಂಬಂಥ ಗುರುತು ಇರುತ್ತದೆ. ಅಂಕಿ ಹೇಳುವುದು ಒಂದು ಟೈರ್ ಹೊರಬಲ್ಲ ಭಾರವನ್ನು. 100 ಎಂದರೆ 800 ಕೆ.ಜಿ., 104 ಎಂದರೆ 900, 108 ಎಂದರೆ 1,000, 112 ಎಂದರೆ 1,120. ಅಕ್ಷರ ಹೇಳುವುದು ವೇಗದ ಮಿತಿ: ಎಸ್ ಗಂಟೆಗೆ 180 ಕಿ.ಮೀ., ಟಿ 190, ಎಚ್ 210. ಹೊಸ ಟೈರಿನ ಭಾರದ ಅಂಕಿ ಹಳೆಯದಕ್ಕಿಂತ ಕಡಿಮೆ ಇರಲೇಬಾರದು. ಏಳು ಜನ ಕೂತು, ಹಿಂದೆ ಸಾಮಾನು ತುಂಬಿ, ಮೇಲೆ ಕ್ಯಾರಿಯರ್‌ಗೂ ಹೇರಿದಾಗ ಭಾರದ ಬಹುಪಾಲು ಹಿಂದಿನ ಎರಡು ಟೈರುಗಳ ಮೇಲೆ ಬೀಳುತ್ತದೆ.

ಅಳತೆಗೂ ಮೊದಲು ‘ಎಲ್‌ಟಿ’ ಎಂದಿದ್ದರೆ ಅದು ಹಗುರ ಟ್ರಕ್ಕುಗಳಿಗೆಂದು ಹೆಚ್ಚು ಗಟ್ಟಿಯಾಗಿ ಕಟ್ಟಿದ ಟೈರ್. ಪಕ್ಕಗಳು ದಪ್ಪ, ಚೂಪುಕಲ್ಲಿಗೆ ಸುಲಭವಾಗಿ ಹರಿಯುವುದಿಲ್ಲ. ಜೊತೆಗೆ ತೂಕವೂ ಹೆಚ್ಚು, ಅದೇ ಭಾರ ಹೊರಲು ಗಾಳಿಯೂ ಹೆಚ್ಚು ಬೇಕು. ಹೀಗಾಗಿ ಪ್ರತಿ ಗುಂಡಿಯೂ ನೇರ ಬೆನ್ನಿಗೆ ತಾಗುತ್ತದೆ. ಕಾಫಿ ಮೂಟೆ ಹೇರುವವರಿಗೆ, ಟ್ರೇಲರ್ ಎಳೆಯುವವರಿಗೆ, ಕೊಡಚಾದ್ರಿಯಂಥ ಬಂಡೆಗಲ್ಲಿನ ದಾರಿಯಲ್ಲಿ ದಿನವೂ ಜೀಪ್ ಓಡಿಸುವವರಿಗೆ ಇದು ಸರಿ. ಬೆನ್ನುನೋವಿನ ಅಜ್ಜಿಯನ್ನು ಕೂರಿಸಿಕೊಂಡು ಓಡಾಡುವ ಮನೆಯವರು ಮಾಮೂಲಿ ಕಟ್ಟಿನ ಎಟಿ ಆರಿಸಿಕೊಳ್ಳಿ.

ಅಂಗಡಿಯಲ್ಲಿ ಟೈರ್ ಮುಟ್ಟಿ ನೋಡಿ

ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಯೊಕೊಹಾಮಾ, ಬ್ರಿಡ್ಜ್‌ಸ್ಟೋನ್ ಎಲ್ಲರೂ ಎಟಿ ಮಾಡುತ್ತಾರೆ. ಹೆಸರಿಗಿಂತ ಮೊದಲು ಬಟನ್‌ಗಳನ್ನು, ಅಂದರೆ ಟೈರಿನ ಮೇಲಿನ ರಬ್ಬರ್ ಉಬ್ಬುಗಳನ್ನು ಗಮನಿಸಿ. ಒಂದೊಂದು ಬಟನ್ ಮೇಲೂ ಬ್ಲೇಡಿನಿಂದ ಕೊಯ್ದಂಥ ಸಣ್ಣ ಸೀಳುಗಳು ಇವೆಯೇ? ಒದ್ದೆ ಡಾಂಬರನ್ನೂ ಪಾಚಿ ಕಟ್ಟಿದ ಕಾಂಕ್ರೀಟನ್ನೂ ಕಚ್ಚಿ ಹಿಡಿಯಲು ನೆರವಾಗುವುದು ಆ ಸೀಳುಗಳೇ. ದಪ್ಪ ಬಟನ್ ಇದ್ದು ಸೀಳುಗಳೇ ಇಲ್ಲದ ಟೈರ್ ನೋಡಲು ರಾಜಗಾಂಭೀರ್ಯ, ಆದರೆ ಆಗುಂಬೆಯ ಮಳೆಗೆ ನಾನು ಅದನ್ನು ಒಪ್ಪಲಾರೆ.

ಇನ್ನು ತಯಾರಿಕೆಯ ದಿನ. ಟೈರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಒತ್ತಿರುತ್ತಾರೆ. 3524 ಎಂದಿದ್ದರೆ 2024ರ 35ನೇ ವಾರದಲ್ಲಿ ತಯಾರಾದದ್ದು. ಈ ಅಂಕಿ ಹಲವು ಟೈರುಗಳಲ್ಲಿ ಒಂದೇ ಮಗ್ಗುಲಲ್ಲಿ ಇರುತ್ತದೆ. ರಿಮ್ಮಿಗೆ ಏರಿಸುವ ಮುಂಚೆ ಎರಡೂ ಮಗ್ಗುಲು ತಿರುಗಿಸಿ, ಐದೂ ಟೈರುಗಳದ್ದನ್ನು ಓದಿ. ವರ್ಷ ದಾಟಿದ್ದರೆ ಬೇರೆ ಕೊಡಿ ಎಂದು ಕೇಳಲು ಸಂಕೋಚ ಬೇಡ. ಐಎಸ್‌ಐ ಮುದ್ರೆ ಇಲ್ಲದ ಟೈರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ.

ಐದು ಎಂದದ್ದು ಸ್ಟೆಪ್ನಿಯನ್ನೂ ಸೇರಿಸಿ. ಟ್ಯೂಬ್‌ಲೆಸ್ ಟೈರ್, ಪಂಚರ್ ಕಿಟ್, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಇರುವ ಸಣ್ಣ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ನಿಯಮ ಬದಲಾಗಿದೆ. ಆದರೆ ಪಕ್ಕ ಹರಿದ ಟೈರಿಗೆ ಪಂಚರ್ ಕಿಟ್ ಏನೂ ಮಾಡದು. ಚಾರ್ಮಾಡಿಯಲ್ಲಿ ರಾತ್ರಿ ಟೈರ್ ಹರಿದರೆ ಬೇಕಾಗುವುದು ಅದೇ ಅಳತೆಯ ಸ್ಟೆಪ್ನಿ. ದುಡ್ಡು ಸಾಲದೆ ಎರಡೇ ಟೈರ್ ಕೊಳ್ಳುವವರು ಹೊಸದನ್ನು ಹಿಂದಕ್ಕೆ ಹಾಕಿಸಿ. ಮಳೆಯಲ್ಲಿ ಗಾಡಿಯ ಹಿಂಭಾಗ ಜಾರಿದರೆ ಹಿಡಿತಕ್ಕೆ ತರುವುದು ಬಲು ಕಷ್ಟ. ನಾಲ್ಕು ಚಕ್ರಕ್ಕೂ ಸದಾ ಶಕ್ತಿ ಹೋಗುವ ಗಾಡಿಯಾದರೆ ಮಾತ್ರ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕು.

ಹಾಕಿಸಿದ ಮೇಲೆ

ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅದೇ ದಿನ ಮಾಡಿಸಿ, ವಾಲ್ವ್ ಹೊಸದೇ ಇರಲಿ. ಗಾಳಿ ಪರೀಕ್ಷೆ ಬೆಳಿಗ್ಗೆ ಟೈರ್ ತಣ್ಣಗಿರುವಾಗ ಆಗಬೇಕು. ಕೆಸರಿನಲ್ಲಿ ಸಿಕ್ಕಿಬಿದ್ದಾಗ 33 ಪಿಎಸ್‌ಐ ಇರುವ ಗಾಳಿಯನ್ನು 22ರ ಸುಮಾರಿಗೆ ಇಳಿಸಿದರೆ ಟೈರ್ ಅಗಲವಾಗಿ ನೆಲ ಹಿಡಿಯುತ್ತದೆ. ಡಾಂಬರು ಮುಟ್ಟಿದ ಕೂಡಲೇ ಮತ್ತೆ ತುಂಬಿಸಲೇಬೇಕು, ಇಲ್ಲದಿದ್ದರೆ ಟೈರ್ ಕಾದು ಸಿಡಿಯುವ ಅಪಾಯವಿದೆ. ಇದಕ್ಕೆ ಗಾಡಿಯಲ್ಲೇ ಪ್ಲಗ್ ಮಾಡುವ ಪುಟ್ಟ ಗಾಳಿ ಪಂಪ್ ಇಟ್ಟುಕೊಳ್ಳಿ. ಎಟಿ ಟೈರ್ ಅಡ್ಡಾದಿಡ್ಡಿ ಸವೆದರೆ ಸದ್ದು ಜೋರಾಗುತ್ತದೆ, ಆದ್ದರಿಂದ 8,000 ಕಿ.ಮೀ.ಗೊಮ್ಮೆ ಸ್ಟೆಪ್ನಿಯೂ ಸೇರಿದಂತೆ ಜಾಗ ಬದಲಿಸುತ್ತಿರಿ.

ಟೈರಿನ ಸಂದುಗಳ ಆಳ 1.6 ಮಿ.ಮೀ.ಗೆ ಇಳಿಯುವವರೆಗೆ ಬಳಸಲು ಕಾನೂನು ಬಿಡುತ್ತದೆ. ಘಟ್ಟದಲ್ಲಿ ಓಡಾಡುವ ಕುಟುಂಬಗಳು 3 ಮಿ.ಮೀ.ಗೆ ಇಳಿದ ಕೂಡಲೇ ಬದಲಿಸಿ. ಆ ಕೆಲಸವನ್ನು ಮೇ ತಿಂಗಳಲ್ಲೇ, ಮೊದಲ ಮಳೆ ಬೀಳುವ ಮುಂಚೆ ಮುಗಿಸಿಕೊಳ್ಳಿ.